ಬಲಗಡೆ ಅರ್ಧ ಇಂಚು ಜಾಸ್ತಿ

ಅಳತೆಯ ಟೇಪು ಅವಳ ಸೊಂಟವನ್ನು ಇನ್ನೂ ಪೂರ್ತಿ ಸುತ್ತಿರಲಿಲ್ಲ... ಅಷ್ಟರಲ್ಲೇ ಅವನ ಮಣಿಕಟ್ಟು ಅವಳ ಮುಷ್ಟಿಯೊಳಗಿತ್ತು!

ಫ್ಲೇವಿಯನ್ ಬೆಚ್ಚಿಬಿದ್ದ. ಹದಿನಾಲ್ಕು ವರ್ಷಗಳಿಂದ ಅಳತೆ ತೆಗೆಯುತ್ತಿದ್ದ ಅವನ ಕೈಯನ್ನು ಯಾವ ಗಿರಾಕಿಯೂ ಹೀಗೆ ಹಿಡಿದಿರಲಿಲ್ಲ. ನೋಡಲು ತೆಳ್ಳಗಿನ ಹೆಣ್ಣು. ಆದರೆ ಆ ಹಿಡಿತ! ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ಅಯ್ಯೋ, ಸಾರಿ!" ಅವಳೇ ಕೈಬಿಟ್ಟಳು. ಮುಖ ಕೆಂಪಾಗಿತ್ತು. "ಬಲಗಡೆ ಯಾರಾದರೂ ಕೈ ಹಾಕಿದರೆ ಹೀಗೇ... ಅಭ್ಯಾಸ ಆಗಿಹೋಗಿದೆ."

"ಮುಟ್ಟದೆ ಅಳತೆ ತೆಗೆಯುದು ಹೇಗೆ ಮಾರಾಯ್ರೇ?" ಅವನು ಮಣಿಕಟ್ಟು ಉಜ್ಜಿಕೊಂಡ. "ಒಂದು ಕೋಟು ಹೊಲಿಯಲಿಕ್ಕೆ ಅಂತ ಅಲ್ವಾ ಬಂದದ್ದು ನೀವು?"

"ಹೌದು. ಆದರೆ ಬರೀ ನನಗಲ್ಲ."

ಅವಳು ಬ್ಯಾಗಿಗೆ ಕೈ ಹಾಕಿ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟಳು.

ಪಿಸ್ತೂಲು!

ಫ್ಲೇವಿಯನ್ ಎರಡು ಹೆಜ್ಜೆ ಹಿಂದೆ ಸರಿದ. ಬಟ್ಟೆಯ ಥಾನುಗಳು ಬೆನ್ನಿಗೆ ತಗುಲಿದವು. 'ಜೆಜೂ, ಯೇಸುವೇ... ಯಾರಿವಳು? ಕೆಳಗಿನ ಬಂಗಾರದ ಅಂಗಡಿಗೆ ಬಂದವಳು ದಾರಿ ತಪ್ಪಿ ಮೇಲೆ ಬಂದಳಾ?'

"ಹೆದರಬೇಡಿ. ನೀಲಿ ಬಣ್ಣ ಕಾಣ್ತದಲ್ಲ? ಪ್ಲಾಸ್ಟಿಕ್. ಟ್ರೈನಿಂಗಿಗೆ ಇರುವುದು. ಅಳತೆಗೆ ಅಂತ ಸಹಿ ಹಾಕಿ ತಂದಿದ್ದೇನೆ."

ಅವಳು ಗುರುತಿನ ಚೀಟಿ ತೋರಿಸಿದಳು. ಲಂಡನ್ ಪೊಲೀಸ್. ಹೆಸರು ಪ್ರೇಕ್ಷಾ.

"ನಿಜವಾದದ್ದೂ ಇಷ್ಟೇ ಉದ್ದ, ಇಷ್ಟೇ ದಪ್ಪ. ಡ್ಯೂಟಿಗೆ ಹೋದಾಗ ಅಲ್ಲೇ ತಗೊಂಡು, ಮುಗಿದ ಮೇಲೆ ಅಲ್ಲೇ ಕೊಟ್ಟು ಬರುದು. ದೊಡ್ಡವರ ಜೊತೆ ನೆರಳಿನ ಹಾಗೆ ನಿಲ್ಲುವ ಕೆಲಸ ನನ್ನದು. ಸೊಂಟದಲ್ಲಿ ಇದು ಉಂಟು ಅಂತ ಒಬ್ಬರಿಗೂ ಗೊತ್ತಾಗಬಾರದು."

"ಹಾಗಾದ್ರೆ ಎರಡು ಸೈಜ್ ದೊಡ್ಡದು ಹಾಕಿದ್ರೆ..."

"ಅದನ್ನೇ ಎಲ್ಲರೂ ಹೇಳಿದ್ದು!" ಅವಳ ಕಣ್ಣು ಕಿಡಿಕಾರಿತು. "ನಮ್ಮ ಸಾರ್ಜೆಂಟ್ ಹೇಳಿದರು, ದೊಡ್ಡ ಕಪ್ಪು ಕೋಟು ಹಾಕು, ಸಾಕು ಅಂತ. ಹಾಕಿದೆ. ಕಳೆದ ತಿಂಗಳು ಒಂದು ದೊಡ್ಡ ಹೋಟೆಲಿನ ಪಾರ್ಟಿಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ! ಯಾರದೋ ಕೋಟು ಎರವಲು ತಂದಿದ್ದೀಯಾ ಅಂತ ಒಬ್ಬ ಕೇಳಿಯೇ ಬಿಟ್ಟ. ಅಡಗಿಸಲಿಕ್ಕೆ ಹೋಗಿ ಎದ್ದು ಕಂಡೆ."

ಫ್ಲೇವಿಯನ್ ಪಿಸ್ತೂಲಿನ ಉದ್ದಕ್ಕೆ ಟೇಪು ಹಿಡಿದ.

"ಮತ್ತೆ... ನನಗೆ ಒಳ್ಳೆ ಬಟ್ಟೆ ಅಂದ್ರೆ ಇಷ್ಟ. ಚಿಕ್ಕಂದಿನಿಂದಲೂ ಇಷ್ಟ. ಗನ್ ಕೊಟ್ಟರು ಅಂತ ಅದನ್ನು ಬಿಟ್ಟುಕೊಡಬೇಕಾ? ಬಿಡುದಿಲ್ಲ. ಗೋಣಿಚೀಲ ಸುತ್ತಿಕೊಂಡು ಓಡಾಡುವವಳಲ್ಲ ನಾನು!"

ಅವನಿಗೆ ನಗು ಬಂತು. ಹೆದರಿಕೆ ಹೋಗಿ ಎಷ್ಟು ಹೊತ್ತಾಗಿತ್ತೋ ಅವನಿಗೇ ಗೊತ್ತಾಗಿರಲಿಲ್ಲ.

"ಬಣ್ಣ ಯಾವುದು?"

"ಎಲ್ಲರೂ ಕಪ್ಪು ಅಂತಾರೆ."

"ಎಲ್ಲರೂ ಅಲ್ಲ. ನೀವು?"

ಪ್ರೇಕ್ಷಾ ಒಂದು ಕ್ಷಣ ಅವನ ಮುಖ ನೋಡಿದಳು. ಈ ಕೆಲಸಕ್ಕೆ ಸೇರಿದ ಐದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನೇರಳೆ ಹಣ್ಣಿನ ಬಣ್ಣ," ಎಂದಳು ಮೆಲ್ಲಗೆ.

* * *

ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಬಂಗಾರದ ಅಂಗಡಿಯ ಮೇಲಿನ ಆ ಕೋಣೆಗೆ 'ಪೈಯಸ್ ಟೈಲರ್ಸ್' ಎಂದು ಹೆಸರು. ಪೈಯಸ್ ಎಂದರೆ ಫ್ಲೇವಿಯನ್‌ನ ಅಪ್ಪ. ಉಡುಪಿಯಲ್ಲಿ ಈಗಲೂ ಹೊಲಿಯುತ್ತಿದ್ದರು. ಮಗ ಲಂಡನ್ನಿಗೆ ಬಂದು ಎಂಟು ವರ್ಷ ಸಾಹೇಬರ ಸೂಟುಗಳನ್ನು ಕತ್ತರಿಸಿ, ಆಮೇಲೆ ಸ್ವಂತ ಅಂಗಡಿ ಹಾಕಿಕೊಂಡಿದ್ದ.

ಮೊದಲ ಟ್ರಯಲ್‌ನ ದಿನ ಅವನು ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಲೇ ಇಲ್ಲ.

"ಕೂತುಕೊಳ್ಳಿ. ಏಳಿ. ಈಗ ಕಾರಿನಿಂದ ಇಳಿಯುವ ಹಾಗೆ ಮಾಡಿ. ಶೂ ಲೇಸ್ ಕಟ್ಟಿ."

"ನನ್ನ ಶೂಗೆ ಲೇಸ್ ಇಲ್ಲ!"

"ಉಂಟು ಅಂದುಕೊಳ್ಳಿ."

ಅವಳು ನಗುತ್ತಾ ಬಗ್ಗಿದಳು. ಅವನು ನೆಲದ ಮೇಲೆ ಕೂತು ಕಣ್ಣು ಕಿರಿದು ಮಾಡಿ ಅವಳ ಬಲಗಡೆಯನ್ನೇ ನೋಡಿದ. ಬಗ್ಗಿದಾಗ ಬಟ್ಟೆ ಹಿಂದೆ ಬಿಗಿಯುತ್ತಿತ್ತು. ನೀಲಿ ಪಿಸ್ತೂಲಿನ ಹಿಡಿ ಬೆನ್ನಿನ ಹತ್ತಿರ ಒಂದು ಸಣ್ಣ ಗುಬುಟಿನಂತೆ ಎದ್ದಿತ್ತು.

"ಬಲಗಡೆ ಅರ್ಧ ಇಂಚು ಜಾಸ್ತಿ ಬಿಡಬೇಕು," ಎಂದ. "ಎಡಗಡೆಯೂ ಬಿಡ್ತೇನೆ. ಇಲ್ಲದಿದ್ರೆ ಒಂದು ಬದಿ ಮಾತ್ರ ಸಡಿಲ ಕಾಣ್ತದೆ. ಸೊಂಟದ ಆಕಾರ ಮುಂದಿನಿಂದ ತರ್ತೇನೆ. ಅಂಚಿನ ಒಳಗೆ ಸಣ್ಣ ಸೀಸದ ತುಂಡು ಹೊಲಿದರೆ ಗಾಳಿಗೆ ಹಾರುದಿಲ್ಲ."

"ನಮ್ಮ ಸಾರ್ಜೆಂಟ್‌ಗಿಂತ ನಿಮಗೇ ಜಾಸ್ತಿ ಗೊತ್ತುಂಟು!"

"ನನಗೆ ಗನ್ ಗೊತ್ತಿಲ್ಲ. ಬಟ್ಟೆ ಗೊತ್ತುಂಟು."

ಅವನು ಒಂದು ಸಲವೂ ಕೇಳಲಿಲ್ಲ... ಯಾರನ್ನು ಕಾಯ್ತೀರಿ, ಯಾರಿಗಾದರೂ ಗುಂಡು ಹೊಡೆದದ್ದುಂಟಾ, ಭಯ ಆಗುದಿಲ್ವಾ... ಯಾವುದನ್ನೂ. ಎರಡನೆಯ ಟ್ರಯಲ್‌ಗೆ ಚಹಾ ತರಿಸಿಟ್ಟಿದ್ದ. ಮೂರನೆಯದಕ್ಕೆ ಚಹಾದ ಜೊತೆ ಬಿಸಿ ಜಿಲೇಬಿ.

"ನೀವು ನಡೆಯುವಾಗ ಬಲಗೈ ಆಡಿಸುದೇ ಇಲ್ಲ," ಎಂದ ಅವತ್ತು, ಗುಂಡಿ ಹೊಲಿಯುತ್ತಾ. "ಎಡಗೈ ಮಾತ್ರ ಆಡ್ತದೆ. ಡ್ಯೂಟಿ ಇಲ್ಲದ ದಿನವೂ."

ಪ್ರೇಕ್ಷಾಳ ಕೈಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು. 'ನನ್ನ ಅಮ್ಮನಿಗೂ ಕಾಣದ್ದು ಇವರಿಗೆ ಹೇಗೆ ಕಂಡಿತು?'

ಅಮ್ಮನಿಗೆ ಕಾಣದಂತೆ ಇಟ್ಟವಳೂ ಅವಳೇ. ಕುಂದಾಪುರದಿಂದ ಬಂದು ಕೆಂಟನ್‌ನಲ್ಲಿ ಸಣ್ಣ ಹೋಟೆಲು ಹಾಕಿದ್ದ ಅಪ್ಪ ಹೃದಯಾಘಾತದಲ್ಲಿ ಹೋದಾಗ ಪ್ರೇಕ್ಷಾಳಿಗೆ ಹತ್ತೊಂಬತ್ತು. ಅಂದಿನಿಂದ ಅಮ್ಮ ಸ್ವರ್ಣಲತಾ ಒಬ್ಬಳೇ ಆ ಹೋಟೆಲನ್ನು ಎಳೆದುಕೊಂಡು ಬಂದಿದ್ದಳು. ಮಗಳು ಬರುವುದು ಹತ್ತು ನಿಮಿಷ ತಡವಾದರೂ ಕಿಟಕಿಯ ಬಳಿ ನಿಲ್ಲುವ ಅಮ್ಮನಿಗೆ 'ಸೊಂಟದಲ್ಲಿ ಪಿಸ್ತೂಲಿದೆ' ಎಂದು ಹೇಳುವುದಾದರೂ ಹೇಗೆ? 'ಪೊಲೀಸ್ ಆಫೀಸಿನಲ್ಲಿ ಫೈಲು ನೋಡುವ ಕೆಲಸ' ಎಂದಿದ್ದಳು. ಅಮ್ಮ ನಂಬಿದ್ದಳು.

ಅಮ್ಮ ತಂದ ಸಂಬಂಧವೂ ಹಾಗೇ ಮುರಿದಿತ್ತು. ಹ್ಯಾರೋದ ಸಂದೇಶ್ ಕಾಫಿ ಕುಡಿಯುತ್ತಾ ಹೇಳಿದ್ದ, "ಡೆಸ್ಕ್ ಜಾಬ್ ಅಲ್ವಾ? ಆದ್ರೂ ಪೊಲೀಸ್ ಅಂದ್ರೆ ನನ್ನ ಅಮ್ಮನಿಗೆ ಭಯ. ಮದುವೆ ಆದ್ಮೇಲೆ ಬಿಟ್ಟರಾಯ್ತು." ಅವಳು ಕಪ್ಪು ಕೆಳಗಿಟ್ಟು, "ಕೆಲಸ ಬಿಡುದಿಲ್ಲ. ನಿಮ್ಮನ್ನು ಬಿಟ್ಟರಾಯ್ತು," ಎಂದು ಎದ್ದು ಬಂದಿದ್ದಳು!

ಕೋಟು ಮುಗಿದ ದಿನ ಫ್ಲೇವಿಯನ್ ಕೊನೆಗೂ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿದ.

ನೇರಳೆ ಬಣ್ಣ. ಮೊಣಕಾಲಿನವರೆಗೆ ಇಳಿದ ಅಂಚು. ಸೊಂಟದಲ್ಲಿ ಹದವಾದ ಬಿಗಿ. ಬಲಗಡೆ ನೀಲಿ ಪಿಸ್ತೂಲಿತ್ತು... ಇದೆಯೆಂದು ಕಾಣುತ್ತಲೇ ಇರಲಿಲ್ಲ.

ಪ್ರೇಕ್ಷಾ ಅತ್ತಿತ್ತ ತಿರುಗಿ ನೋಡಿಕೊಂಡಳು. ಬಲಗಡೆಯ ಮೇಲೆ ಕೈಯಾಡಿಸಿದಳು.

"ಸರಿ ಆಗ್ಲಿಲ್ವಾ?" ಅವನ ಧ್ವನಿಯಲ್ಲಿ ಆತಂಕ.

"ಸರಿ ಆಗಿದೆ," ಎಂದಳು. "ನಾನು ನಾನೇ ಕಾಣ್ತಿದ್ದೇನೆ."

ಕನ್ನಡಿಯೊಳಗೆ ಇಬ್ಬರ ಕಣ್ಣುಗಳು ಸಂಧಿಸಿದವು. ಇಬ್ಬರೂ ಒಟ್ಟಿಗೇ ಬೇರೆ ಕಡೆ ನೋಡಿದರು.

* * *

ಮೂರು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಅವಳು ಅದೇ ಕೋಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತೋಳಿನ ತುಂಬ ಬಿಳಿ ಪೇಂಟು.

"ಏನಾಯ್ತು?" ಫ್ಲೇವಿಯನ್ ಎದ್ದು ನಿಂತ.

"ಪರದೇಶದ ಮಂತ್ರಿ ಒಬ್ಬರು ಕಾರಿನಿಂದ ಇಳಿಯುತ್ತಿದ್ದರು. ಒಬ್ಬ ಜನರ ಮಧ್ಯದಿಂದ ಓಡಿ ಬಂದ. ಕೈಯಲ್ಲಿ ಏನೋ ಇತ್ತು. ನಾನು ಅಡ್ಡ ನಿಂತೆ. ನೋಡಿದ್ರೆ ಪೇಂಟಿನ ಡಬ್ಬಿ!" ಅವಳು ನಕ್ಕಳು. "ಗನ್ ತೆಗೆಯುವಷ್ಟು ಆಗಲೇ ಇಲ್ಲ. ನಮ್ಮವರು ಅವನನ್ನು ಕೆಡವಿ ಹಿಡಿದರು."

"ನಿಮಗೆ ಏನೂ ಆಗ್ಲಿಲ್ವಾ?"

"ಇಲ್ಲಪ್ಪ. ಆದರೆ ಒಂದು ಸಣ್ಣದು ಸರಿ ಮಾಡ್ಲಿಕ್ಕೆ ಉಂಟು. ಕೋಟು ಸರಿಸಿ ಕೈ ಹಾಕಿದೆ ನೋಡಿ, ಒಳಗಿನ ಲೈನಿಂಗ್ ಗನ್ನಿನ ಹಿಡಿಗೆ ಸಿಕ್ಕಿಹಾಕಿಕೊಂಡಿತು. ಜಾಸ್ತಿ ಅಲ್ಲ, ಅರ್ಧ ಸೆಕೆಂಡು."

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಅರ್ಧ ಸೆಕೆಂಡು," ಎಂದ. "ಅವನ ಕೈಯಲ್ಲಿ ಪೇಂಟು ಇಲ್ಲದೆ ಬೇರೆ ಇದ್ದಿದ್ರೆ?"

"ಇರಲಿಲ್ಲವಲ್ಲ."

"ಇದ್ದಿದ್ರೆ?"

ಪ್ರೇಕ್ಷಾ ಕೋಟನ್ನು ಅವನ ಕಡೆಗೆ ಚಾಚಿದಳು. ಅವನು ಕೋಟನ್ನು ತೆಗೆದುಕೊಂಡು ಲೈನಿಂಗನ್ನು ತಿರುವಿ ನೋಡಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಅವಳಿಗೆ ಬೆನ್ನು ಹಾಕಿದ.

"ನಾನು ಇನ್ನು ನಿಮಗೆ ಹೊಲಿಯುದಿಲ್ಲ. ದಯವಿಟ್ಟು ಬೇರೆ ಯಾರನ್ನಾದ್ರೂ ನೋಡಿ."

"ಏನು?"

"ನನ್ನಿಂದ ಆಗುದಿಲ್ಲ."

ಅವಳೊಳಗೆ ಏನೋ ಪಟ್ಟನೆ ಮುರಿಯಿತು. 'ಇವರೂ ಅಷ್ಟೇ. ಪ್ಲಾಸ್ಟಿಕ್ ಆಗಿರುವವರೆಗೆ ಚಹಾ, ಜಿಲೇಬಿ. ನಿಜ ಎದುರಿಗೆ ಬಂದರೆ ಬೆನ್ನು!'

"ಹೆದರಿಕೆ ಆಯ್ತಾ?" ಧ್ವನಿ ಗಡುಸಾಗಿತ್ತು. "ಆಗಲಿ. ಆದರೆ ಕೇಳಿಸಿಕೊಳ್ಳಿ. ಅಮ್ಮನ ಭಯಕ್ಕೆ, ಮದುವೆಗೆ ನೋಡಿದವನ ಅಮ್ಮನ ಭಯಕ್ಕೆ, ಈಗ ನಿಮ್ಮ ಭಯಕ್ಕೆ... ಎಲ್ಲರ ಭಯದ ಅಳತೆಗೆ ನಾನು ನನ್ನನ್ನು ಕತ್ತರಿಸಿಕೊಳ್ಳುದಿಲ್ಲ!"

ಅವನು ತಿರುಗಲಿಲ್ಲ. ಅವಳು ಕೋಟನ್ನು ಅಲ್ಲೇ ಬಿಟ್ಟು ದಡದಡ ಮೆಟ್ಟಿಲಿಳಿದಳು. ಕಾರಿನಲ್ಲಿ ಕೂತ ಮೇಲೆ ಮಾತ್ರ ಕಣ್ಣೀರು ಕೇಳಲಿಲ್ಲ... ತಾನಾಗಿ ಇಳಿಯಿತು.

* * *

ಎರಡು ದಿನದ ನಂತರ, ಬೆಳಗಿನ ದೋಸೆಯ ಗಲಾಟೆ ಮುಗಿದ ಹೊತ್ತಿಗೆ, ಸ್ವರ್ಣಲತಾ ಹೋಟೆಲಿನ ಅಡುಗೆಮನೆಯಿಂದ ಫೋನ್ ಹಿಡಿದುಕೊಂಡು ಬಂದಳು.

"ಇದು ಯಾರು?"

ಊರಿನವರ ವಾಟ್ಸಾಪ್ ಗ್ರೂಪಿಗೆ ಯಾರೋ ಹಾಕಿದ ವಿಡಿಯೋ. ಮಂತ್ರಿ, ಕಾರು, ಓಡಿ ಬರುವ ಮನುಷ್ಯ. ಅಡ್ಡ ಬಂದ ಹೆಣ್ಣಿನ ಮುಖ ಕಾಣುತ್ತಿರಲಿಲ್ಲ. ನೇರಳೆ ಕೋಟು ಕಾಣುತ್ತಿತ್ತು. ಸೊಂಟಕ್ಕೆ ಹೋದ ಬಲಗೈ ಕಾಣುತ್ತಿತ್ತು.

ಪ್ರೇಕ್ಷಾ ಸುಳ್ಳು ಹೇಳಲು ಬಾಯಿ ತೆರೆದಳು. ಬೇಡವೆನಿಸಿತು.

"ನಾನು, ಅಮ್ಮ."

"ಸೊಂಟದಲ್ಲಿ ಎಂತ ಇತ್ತು?"

"ಗನ್."

ಸ್ವರ್ಣಲತಾ ಹತ್ತಿರದ ಕುರ್ಚಿ ಎಳೆದು ಕೂತಳು. "ಎಷ್ಟು ವರ್ಷ ಆಯ್ತ್?"

"ಐದು."

"ಐದು ವರ್ಷ! ದಿನಾ ಬೆಳಿಗ್ಗೆ ನನ್ನ ಕೈಯಿಂದ ದೋಸೆ ತಿಂದ್ಕಂಡ್ ಗನ್ ಹಿಡೂಕೆ ಹೋತಿದ್ಯಾ? ಇವತ್ತೇ ಬಿಡ್ ಆ ಕೆಲ್ಸ. ಇವತ್ತೇ!"

"ಬಿಡುದಿಲ್ಲ ಅಮ್ಮ."

"ಪ್ರೇಕ್ಷಾ!"

"ನಿನ್ನ ಹತ್ರ ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ಕಾಲು ಹಿಡಿತೇನೆ. ಕೆಲಸ ತಪ್ಪಲ್ಲ." ಅವಳು ಅಮ್ಮನ ಮುಂದೆ ಮಂಡಿಯೂರಿದಳು. "ನಾನು ಇವತ್ತಿನವರೆಗೆ ಯಾರಿಗೂ ಗುಂಡು ಹೊಡೆದಿಲ್ಲ. ಹೊಡೆಯುವ ಸಂದರ್ಭ ಬಾರದ ಹಾಗೆ ನೋಡಿಕೊಳ್ಳುದೇ ನನ್ನ ಕೆಲಸ. ಅಪ್ಪ ಹೋದ ಮೇಲೆ ಎಲ್ಲರೂ ಹೋಟೆಲ್ ಮಾರು ಅಂದರಲ್ಲ, ನೀನು ಮಾರಿದ್ಯಾ?"

ಸ್ವರ್ಣಲತಾ ವಿಡಿಯೋವನ್ನು ಇನ್ನೊಮ್ಮೆ ಹಾಕಿ ನೋಡಿದಳು. ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

"ಯಾರಿಗೆ ಗೊತ್ತಿತ್ತ್ ಇದು?"

"ಕೋಟು ಹೊಲಿದವರಿಗೆ."

"ಟೈಲರ್‌ಗಾ?" ಅಮ್ಮನಿಗೆ ಈಗ ನಿಜವಾದ ಸಿಟ್ಟು ಬಂತು. "ಹೆತ್ತ ತಾಯಿಗೆ ಗೊತ್ತಿಲ್ಲ, ಟೈಲರ್‌ಗೆ ಗೊತ್ತಿತ್ತಾ!"

"ಇನ್ನು ಅವರೂ ಇಲ್ಲ. ನನಗೆ ಹೊಲಿಯುದಿಲ್ಲ ಅಂದರು," ಎಂದಳು ಮಗಳು. ಅದನ್ನು ಹೇಳಿದ ರೀತಿಗೆ ಅಮ್ಮ ತಲೆಯೆತ್ತಿ ನೋಡಿದಳು. ಅವನ ಹೆಸರು, ಅಂಗಡಿಯ ಹೆಸರು ಮಾತ್ರ ಕೇಳಿದಳು.

ಮರುದಿನ ಹೋಟೆಲಿಗೆ ರಜೆ ಹಾಕಿ ಸ್ವರ್ಣಲತಾ ಒಬ್ಬಳೇ ಕಾರು ಓಡಿಸಿಕೊಂಡು ಸೌತ್‌ಹಾಲ್‌ಗೆ ಹೋದಳು. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು.

ಎತ್ತರದ ಗಂಡಸೊಬ್ಬ ಕನ್ನಡಿಯ ಮುಂದೆ ಹೆಂಗಸರ ಕೋಟೊಂದರ ಬಲಭಾಗವನ್ನು ಮಾತ್ರ ಹೆಗಲಿಗೆ ಪಿನ್ ಹಾಕಿಕೊಂಡು ನಿಂತಿದ್ದ. ಬೆಲ್ಟಿಗೆ ಪಿಸ್ತೂಲಿನ ಬದಲು ಒಂದು ಮರದ ತುಂಡು. ಕೋಟು ಸರಿಸುತ್ತಿದ್ದ, ತುಂಡನ್ನು ಎಳೆಯುತ್ತಿದ್ದ, ಮತ್ತೆ ಸಿಕ್ಕಿಸುತ್ತಿದ್ದ. ನೆಲದ ಮೇಲೆ ಬಿಚ್ಚಿ ಬಿಸಾಡಿದ ಲೈನಿಂಗಿನ ರಾಶಿ. ಅವನ ಬೆರಳುಗಳ ತುಂಬ ಸೂಜಿ ಚುಚ್ಚಿದ ಗಾಯಕ್ಕೆ ಸುತ್ತಿದ ಪ್ಲಾಸ್ಟರ್ ಪಟ್ಟಿ.

"ನೀವು ಫ್ಲೇವಿಯನ್ನಾ?"

ಅವನು ಗಾಬರಿಯಿಂದ ತಿರುಗಿದ. ಮುಖ ನೋಡಿದ್ದೇ ಗುರುತು ಸಿಕ್ಕಿತು. ಅದೇ ಕಣ್ಣು!

"ನಾನು ಪ್ರೇಕ್ಷಾಳ ತಾಯಿ. ಇನ್ನು ಹೊಲಿಯುದಿಲ್ಲ ಅಂದ್ರಂತೆ ನೀವು?"

"ಹೌದು ಅಮ್ಮ."

"ಮತ್ತೆ ಇದೆಂತ?"

ಫ್ಲೇವಿಯನ್ ತಲೆ ತಗ್ಗಿಸಿದ. "ನನ್ನ ಒಂದು ಹೊಲಿಗೆ ಅವರ ಕೈಯನ್ನು ಅರ್ಧ ಸೆಕೆಂಡು ಹಿಡಿದಿಟ್ಟಿತು ಅಮ್ಮ. ಸಿಕ್ಕದ ಹಾಗೆ ಹೊಲಿಯಲಿಕ್ಕೆ ಬರುವವರೆಗೆ ಅವರಿಗೆ ಹೊಲಿಯುವ ಯೋಗ್ಯತೆ ನನಗಿಲ್ಲ. ಇದು... ಆರನೇ ಸಲ ಬಿಚ್ಚಿದ್ದು."

ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಸ್ವರ್ಣಲತಾಳ ಬಾಯಿಗೆ ಬರಲಿಲ್ಲ.

"ಊಟ ಮಾಡಿದ್ರಾ?" ಎಂದು ಕೇಳಿದಳು.

* * *

"ಹೋಯಿ ಟೈಲರ್‌ನ ಕಾಣ್," ಎಂದಳು ಆ ಸಂಜೆ ಮಗಳಿಗೆ. "ಅವ ನಿಂಗೆ ಹೆದ್ರಿದ್ದಲ್ಲ ಮಗಾ. ಅವನ ಸೂಜಿಗೆ ಅವನೇ ಹೆದ್ರಿದ್ದ್."

"ನೀನು... ಅಲ್ಲಿಗೆ ಹೋಗಿದ್ಯಾ?"

"ಹೋದೆ. ಬೈದ್ ಬಪ್ಪೂಕೆ ಹೋದೆ. ಬೈಯೂಕೆ ಆಯ್ಲಿಲ್ಲ." ಅಮ್ಮ ಹಿಟ್ಟಿನ ಪಾತ್ರೆ ಮುಚ್ಚಿದಳು. "ನಂಗೆ ಹೆದ್ರಿಕೆ ಹೋಯ್ಲಿಲ್ಲ, ತಿಳ್ಕೊ. ಹೋತ್ತೂ ಇಲ್ಲ. ಆದ್ರೆ ನೀನ್ ಹೊರಗೆ ಹೋಪ ಹೊತ್ತಿಗೆ ಆ ಮನುಷ್ಯ ಹೊಲ್ದ ಕೋಟ್ ಹಾಕ್ಕಂಡೇ ಹೋಯ್ಕ್," ಎಂದು ಅಪ್ಪಣೆ ಕೊಟ್ಟಳು.

ಪ್ರೇಕ್ಷಾ ಮುಂದಿನ ಮಾತಿಗೆ ನಿಲ್ಲಲಿಲ್ಲ!

ಅವಳು ಬಂದಾಗ ಬ್ರಾಡ್‌ವೇಯಲ್ಲಿ ಇನ್ನೂ ಬೆಳಕಿತ್ತು. ಫ್ಲೇವಿಯನ್ ಏನೂ ಹೇಳದೆ ಕೋಟನ್ನು ಹಿಡಿದ. ಅವಳು ತೋಳು ತೂರಿಸಿದಳು. ತೋಳಿಗೆ ಹೊಸ ಬಟ್ಟೆ ಹಾಕಿದ್ದ. ಒಳಗಿನ ಬಲಭಾಗದಲ್ಲಿ ಸಡಿಲ ಲೈನಿಂಗಿನ ಬದಲು ಗಟ್ಟಿಯಾದ ನುಣುಪು ಬಟ್ಟೆಯನ್ನು ಅಂಚಿನವರೆಗೂ ಬಿಗಿದು ಕೂರಿಸಿದ್ದ.

ಮರದ ತುಂಡನ್ನು ಬೆಲ್ಟಿಗೆ ಸಿಕ್ಕಿಸಿಕೊಂಡಳು. ಕೋಟು ಸರಿಸಿದಳು. ಎಳೆದಳು.

ನೀರಿನಿಂದ ಕೈ ತೆಗೆದಂತೆ ಬಂತು.

ಇನ್ನೊಮ್ಮೆ. ಬಗ್ಗಿ ಒಮ್ಮೆ. ಕೂತು ಒಮ್ಮೆ. ಓಡುತ್ತಾ ಬಂದು ಒಮ್ಮೆ. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ.

"ಸಿಕ್ಕುದಿಲ್ಲ," ಎಂದಳು ಅವಳು.

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಅವತ್ತು ಯಾಕೆ ಹೇಳಲಿಲ್ಲ?" ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಬೆನ್ನು ಹಾಕಿ ನಿಂತಿರಲ್ಲ! ನಾನು ಏನೇನು ಅಂದುಕೊಂಡೆ ಗೊತ್ತುಂಟಾ?"

"ಕಣ್ಣೀರು ಬಂದಿತ್ತು. ಗಿರಾಕಿಯ ಎದುರು ಅಳುದು ಹೇಗೆ?"

"ಗಿರಾಕಿಯಾ ನಾನು?"

ಫ್ಲೇವಿಯನ್ ಕಣ್ಣು ತೆರೆದ. "ಅಲ್ಲ," ಎಂದ. "ಎರಡನೇ ಟ್ರಯಲ್‌ನಿಂದಲೇ ಅಲ್ಲ. ಹಣ ತಗೊಳ್ಳುವಾಗ ನನಗೆ ನಾಚಿಕೆ ಆಗ್ತಿತ್ತು."

ಪ್ರೇಕ್ಷಾ ಕೈಯಲ್ಲಿದ್ದ ಮರದ ತುಂಡನ್ನು ಮೇಜಿನ ಮೇಲಿಟ್ಟಳು. ಎಷ್ಟೋ ಗುಂಪುಗಳ ಮುಂದೆ ಅಲುಗದೆ ನಿಂತವಳು ಈಗ ಅದರ ಅಂಚನ್ನು ಹಿಡಿದುಕೊಂಡಳು.

"ನಾನು ಕೆಲಸ ಬಿಡುದಿಲ್ಲ," ಎಂದಳು.

"ಬಿಡಿ ಅಂತ ಯಾರು ಹೇಳಿದ್ದು?"

"ನಿಮ್ಮವರು ಹೇಳ್ತಾರೆ. ಪೊಲೀಸ್, ಮೇಲಿಂದ ಹಿಂದೂ ಹುಡುಗಿ..."

"ಅಪ್ಪನಿಗೆ ನಿನ್ನೆಯೇ ಫೋನ್ ಮಾಡಿ ಹೇಳಿದ್ದೇನೆ. ಅರ್ಧ ಗಂಟೆ ಬೈದರು. ಕೊನೆಗೆ, ಕೋಟಿನ ಒಳಗೆ ಯಾವ ಬಟ್ಟೆ ಹಾಕಿದ್ದಿ ಅಂತ ಕೇಳಿದರು. ಬೈಯುವವರು ಬೈಲಿ. ನಾನು ಹಿಂದೆ ಸರಿಯುದಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ಆದರೆ ಒಂದು ಹೇಳ್ಬೇಕು. ನೀವು ಡ್ಯೂಟಿಗೆ ಹೋದ ಪ್ರತಿ ದಿನ ನನಗೆ ಹೆದರಿಕೆ ಆಗ್ತದೆ. ಕೋಟನ್ನು ಸರಿ ಮಾಡಿದೆ. ಇದನ್ನು ಸರಿ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳು ಅವನ ಪ್ಲಾಸ್ಟರ್ ಸುತ್ತಿದ ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಹೆದರಿಕೊ," ಎಂದಳು. "ಆದರೆ ದೂರ ನಿಂತು ಅಲ್ಲ. ನನ್ನ ಹತ್ತಿರ ಇದ್ದುಕೊಂಡು ಹೆದರಿಕೊ."

ಮೊದಲ ಸಲ 'ನೀವು' ಬಿಟ್ಟು ಏಕವಚನದಲ್ಲಿ ಮಾತಾಡಿದ್ದಳು. ಅವನ ಕಣ್ಣು ತುಂಬಿತು. ಈ ಸಲ ಬೆನ್ನು ತಿರುಗಿಸಲಿಲ್ಲ.

"ನಾಳೆ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುದು?"

"ಹೇಳ್ಲಿಕ್ಕೆ ಬರುದಿಲ್ಲ. ಎಲ್ಲಿ ಅಂತಲೂ ಹೇಳುವ ಹಾಗಿಲ್ಲ."

"ಬೇಡ. ನಿಮ್ಮ ಅಮ್ಮನ ಹೋಟೆಲಿನಲ್ಲಿ ಕೂತಿರ್ತೇನೆ."

"ಬಹಳ ಹೊತ್ತಾದ್ರೆ?"

"ಅಮ್ಮನೂ ಕಾಯ್ತಾರಲ್ಲ," ಎಂದ ಫ್ಲೇವಿಯನ್. "ಇಬ್ಬರೂ ಒಟ್ಟಿಗೆ ಕಾಯ್ತೇವೆ. ನೀನು ಬಾ."